ಐದಕ್ಕೆ ಒಂದೂವರೆ

ಹಲ್ಲಿನ ಡಾಕ್ಟರನಾಗಿ ಹದಿನೆಂಟು ವರ್ಷ ಒಂದೇ ಕುರ್ಚಿಯ ಪಕ್ಕ ನಿಂತವನಿಗೆ ನಗೆಪ್ರಸಂಗಗಳಿಗೆ ಬರವಿಲ್ಲ. ದುಃಖವೇನೆಂದರೆ, ಪ್ರಸಂಗ ನಡೆಯುವ ಹೊತ್ತಿನಲ್ಲಿ ನಗಬೇಕಾದವರ ಬಾಯಿ ತುಂಬ ಹತ್ತಿ ಇರುತ್ತದೆ.

ನನ್ನ ಕ್ಲಿನಿಕ್ಕು ಹೊನ್ನಾವರದಲ್ಲಿ, ಮನೆ ಕುಮಟೆಯಲ್ಲಿ, ಗುರುವಾರ ಮಾತ್ರ ಭಟ್ಕಳದಲ್ಲಿ ಕೂರುತ್ತೇನೆ. ಕುರ್ಚಿಯಲ್ಲಿ ಮಲಗಿದವರು ಸೂಜಿ ಕಂಡ ಕೂಡಲೇ ಬೆವರುತ್ತಾರೆ. ಅವರ ಗಮನ ಬೇರೆಡೆ ತಿರುಗಿಸಲು ಏನಾದರೂ ಮಾತಾಡಲೇಬೇಕು. ರಾಜಕೀಯ ಎತ್ತಿದರೆ ಬಿ.ಪಿ. ಏರುತ್ತದೆ. ಮನೆಯ ಸುದ್ದಿ ಕೇಳಿದರೆ ಹಲ್ಲುನೋವಿಗಿಂತ ದೊಡ್ಡ ನೋವು ಹೊರಗೆ ಬರುತ್ತದೆ. ಹವಾಮಾನದ ವಿಷಯ 'ಎಂತಾ ಸೆಕೆ ಮಾರಾಯ್ರೆ' ಎನ್ನುವಲ್ಲಿಗೆ ಮುಗಿಯುತ್ತದೆ. ಹೀಗಾಗಿ ನಾನು ಸಿನಿಮಾಕ್ಕೆ ಬಂದು ನಿಂತೆ.

ನಿಂತವನು ಅಲ್ಲಿಗೇ ಸುಮ್ಮನಾಗಲಿಲ್ಲ. ನೋಡಿದ ಪಿಚ್ಚರಿಗೆಲ್ಲ ಐದಕ್ಕೆ ಇಷ್ಟು ಸ್ಟಾರ್ ಎಂದು ಅಂಕ ಕೊಟ್ಟು, ಕೆಳಗೆ ನಾಲ್ಕು ಸಾಲು ಬರೆದು ಮೊಬೈಲಿನ ಸ್ಟೇಟಸ್ಸಿಗೆ ಹಾಕತೊಡಗಿದೆ. ನಾನು ಹಲ್ಲು ಎಷ್ಟು ನಾಜೂಕಾಗಿ ಕೀಳುತ್ತೇನೆಂದು ಈ ಮೂರು ತಾಲ್ಲೂಕಿನಲ್ಲಿ ಯಾರೂ ಹೇಳುವುದಿಲ್ಲ. ಆದರೆ ಯಾವ ಪಿಚ್ಚರಿಗೆ ಒಂದೇ ಸ್ಟಾರ್ ಕೊಟ್ಟೆನೆಂದು ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ವಾದ ನಡೆಯುತ್ತದೆ. ಐದಕ್ಕೆ ಐದು ಇಂದಿನವರೆಗೆ ಯಾರಿಗೂ ಕೊಟ್ಟವನಲ್ಲ. ನನ್ನ ಅಂಕಕ್ಕೆ ಮುಲಾಜಿಲ್ಲ ಎಂಬುದು ನನ್ನ ದೊಡ್ಡ ಹೆಮ್ಮೆಯಾಗಿತ್ತು. ಆ ಹೆಮ್ಮೆಯನ್ನು ಒಬ್ಬರು ಹೇಗೆ ಬೇರುಸಮೇತ ಕಿತ್ತರೆಂಬುದನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲು ಉಳಿದವರನ್ನು ಸ್ವಲ್ಪ ಹಾಸ್ಯ ಮಾಡಿಕೊಳ್ಳುತ್ತೇನೆ, ಆಮೇಲೆ ಆ ಧೈರ್ಯ ಉಳಿಯುವುದಿಲ್ಲ.

೧. ಬಾಯಿ ತೆರೆದವರ ಸಮ್ಮತಿ

ಒಮ್ಮೆ ಹೈಸ್ಕೂಲಿನ ಗುಮಾಸ್ತರೊಬ್ಬರು ರೂಟ್ ಕೆನಾಲಿಗೆ ಬಂದಿದ್ದರು. ಅವರ ಬಾಯಿ ತೆರೆಸಿ, ಕೆಲಸ ಶುರು ಮಾಡಿ, ಆ ವಾರ ಎಲ್ಲರೂ ಹೊಗಳುತ್ತಿದ್ದ ಒಂದು ಪಿಚ್ಚರನ್ನು ನಾನು ಬೈಯಲಾರಂಭಿಸಿದೆ. ಕತೆಗೆ ತಲೆಯಿಲ್ಲ, ಹೀರೋ ಅಳುವಾಗ ಕೆಮ್ಮಿದ ಹಾಗಿದೆ, ಮಗಳು ತಂದೆಯನ್ನು ಹುಡುಕುತ್ತಾ ಹೋಗುವ ಭಾಗವನ್ನು ಕತ್ತರಿಸಿ ಬಿಸಾಡಬೇಕಿತ್ತು ಎಂದೆಲ್ಲ ಅರ್ಧ ತಾಸು ಹೇಳಿದೆ. ಅವರು ನಡುನಡುವೆ 'ಆಂ… ಆಂ…' ಎನ್ನುತ್ತಿದ್ದರು. ಇಷ್ಟು ತನ್ಮಯರಾಗಿ ಒಪ್ಪುವ ಕೇಳುಗರು ಅಪರೂಪ ಎಂದುಕೊಂಡು ನಾನು ಇನ್ನಷ್ಟು ಬೈದೆ.

ಬಾಯಿ ತೊಳೆದುಕೊಂಡು ಎದ್ದ ಮೇಲೆ ಅವರು ಮೆಲ್ಲಗೆ ಹೇಳಿದರು: "ಡಾಕ್ಟ್ರೆ, ನಾನು ಆ ಪಿಚ್ಚರ್ ಮೂರು ಸಲ ನೋಡಿದ್ದೆ. ಮಗಳು ಅಪ್ಪನನ್ನು ಹುಡುಕುವಲ್ಲಿ ಮೂರು ಸಲವೂ ಅತ್ತಿದ್ದೆ. ಈಗ ಆಂ ಆಂ ಅಂದದ್ದು ಅದನ್ನೇ ಹೇಳಲಿಕ್ಕೆ."

ನನಗೆ ಇರುಸುಮುರುಸಾಯಿತು. "ಹಾಗಾದರೆ ನೀವು ಐದಕ್ಕೆ ಎಷ್ಟು ಕೊಡ್ತೀರಿ?" ಎಂದು ಕೇಳಿದೆ.

ಅವರು ನನ್ನನ್ನು ನೋಡಿದರು. ಆಮೇಲೆ ತಟ್ಟೆಯಲ್ಲಿದ್ದ ಸೂಜಿಗಳನ್ನು ನೋಡಿದರು. "ನನಗೆ ಇನ್ನು ಎಷ್ಟು ಸಿಟ್ಟಿಂಗ್ ಬಾಕಿ ಇದೆ?"

"ಎರಡು."

"ಹಾಗಾದ್ರೆ ಸದ್ಯಕ್ಕೆ ನೀವು ಹೇಳಿದಷ್ಟೇ. ಹಲ್ಲಿಗೆ ಕ್ಯಾಪ್ ಕೂತ ಮೇಲೆ ನನ್ನ ನಿಜವಾದ ಅಭಿಪ್ರಾಯ ಹೇಳ್ತೆ."

೨. ಕತಗಾಲದ ಮಾವ

ಕತಗಾಲದಿಂದ ನನ್ನ ತಾಯಿಯ ಕಡೆಯ ಮಾವ ಒಬ್ಬರು ಹಲ್ಲು ತೋರಿಸಲು ಬರುತ್ತಾರೆ. ಮಾತು ಕಡಿಮೆ. ಯಾವ ಪಿಚ್ಚರು ಹೇಗಿತ್ತೆಂದು ಕೇಳಿದರೂ ಅವರ ಉತ್ತರ ಒಂದೇ: "ಅಡ್ಡಿಲ್ಲೆ." ಪರವಾಗಿಲ್ಲ ಎಂದರ್ಥ.

ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಬಂದ ಪಿಚ್ಚರೂ ಅಡ್ಡಿಲ್ಲೆ. ಗೊರಕೆ ಹೊಡೆದು ಹಿಂದಿನ ಸಾಲಿನವರಿಂದ ಬೈಸಿಕೊಂಡದ್ದೂ ಅಡ್ಡಿಲ್ಲೆ. ಒಂದು ಪಿಚ್ಚರಿನಿಂದ ಅವರು ಇಂಟರ್ವಲ್ಲಿಗೇ ಎದ್ದು, ಹೆಂಡತಿಯನ್ನು ಅಲ್ಲೇ ಬಿಟ್ಟು, ಬಸ್ಸು ಹತ್ತಿ ಮನೆಗೆ ಬಂದಿದ್ದರೆಂದು ಅತ್ತೆಯೇ ಹೇಳಿದ್ದರು. ಅದರ ಬಗ್ಗೆ ಕೇಳಿದೆ.

"ಅಡ್ಡಿಲ್ಲೆ."

"ಮಾವಾ, ಹಾಗೆ ಹೇಳಿದರೆ ಆಗುವುದಿಲ್ಲ. ಐದಕ್ಕೆ ಎಷ್ಟು ಎಂದು ಒಂದು ಅಂಕ ಹೇಳಬೇಕು."

"ಅದೆಲ್ಲ ಎಂತಕ್ಕೆ? ಪಾಪ, ಅವು ಕಷ್ಟಪಟ್ಟು ಮಾಡಿದ್ದ."

ಕಷ್ಟಪಟ್ಟು ಮಾಡಿದ್ದೆಲ್ಲ ಒಳ್ಳೆಯದಾಗುವುದಿಲ್ಲ, ನೋಡುವವನು ನಿಷ್ಠುರವಾಗಿರಬೇಕು, ಇಲ್ಲದಿದ್ದರೆ ಕಲೆ ಉದ್ಧಾರವಾಗುವುದಿಲ್ಲ ಎಂದು ಅವರಿಗೆ ಉಪನ್ಯಾಸ ಕೊಡುತ್ತಲೇ ಹಲ್ಲು ಕಿತ್ತೆ. ಬೇರು ಸೊಟ್ಟಗಿತ್ತು, ಮುಕ್ಕಾಲು ತಾಸು ಒದ್ದಾಡಿದೆ. ಅವರ ಅಂಗಿಯ ಕಾಲರು ನೆನೆದುಹೋಗಿತ್ತು. ಅಷ್ಟು ಕಷ್ಟದ ಹಲ್ಲನ್ನು ಮುರಿಯದೆ ತೆಗೆದದ್ದಕ್ಕೆ ಒಂದು ಒಳ್ಳೆಯ ಮಾತು ಬರಲಿ ಎಂಬ ಆಸೆ ನನಗೆ. "ಮಾವಾ, ನನ್ನ ಕೆಲಸ ಹೇಗಿತ್ತು?" ಎಂದು ಕೇಳಿದೆ.

ಅವರು ಹತ್ತಿ ಕಚ್ಚಿಕೊಂಡೇ ಹೇಳಿದರು: "ಅಡ್ಡಿಲ್ಲೆ."

ಹೆಂಡತಿಯನ್ನೂ ಬಿಟ್ಟು ಓಡಿಬಂದ ಪಿಚ್ಚರಿಗೂ ನನಗೂ ಒಂದೇ ಅಂಕ.

೩. ಗಡಿಬಿಡಿಯ ನಾಯಕ

ಭಟ್ಕಳದಲ್ಲಿ ಗುರುವಾರ ತಪ್ಪದೆ ಬರುವ ಒಬ್ಬ ಬಟ್ಟೆ ವ್ಯಾಪಾರಿ ಇದ್ದಾರೆ. ಮನೆಯಲ್ಲಿ ನವಾಯತಿ, ಅಂಗಡಿಯಲ್ಲಿ ಉರ್ದು, ನನ್ನ ಹತ್ತಿರ ಚೊಕ್ಕ ಕನ್ನಡ. ನಾನು ಬರೆದದ್ದನ್ನೆಲ್ಲ ಓದಿ ಜಗಳಕ್ಕೇ ಬರುವವರು. ಒಂದು ಗುರುವಾರ ಕುರ್ಚಿಯಲ್ಲಿ ಕೂರುವ ಮೊದಲೇ ಶುರು ಮಾಡಿದರು.

"ಡಾಕ್ಟರ್ ಸಾಬ್, ಆ ಪಿಚ್ಚರಿಗೆ ಮೂರು ಸ್ಟಾರ್ ಯಾಕೆ ಕೊಟ್ಟ್ರಿ? ಒಂದೂ ದಂಡ. ಹೀರೋ ಎಷ್ಟು ಗಡಿಬಿಡಿ ಮನುಷ್ಯ! ಹುಡುಗಿ ಸರಿಯಾಗಿ ತಿರುಗಿ ನೋಡುವ ಮೊದಲೇ ಮದುವೆ ಮಾತು. ತಾಯಿ ಸತ್ತರೆ ಎರಡು ನಿಮಿಷ ಕೂತು ಅಳಲಿಕ್ಕೆ ಪುರುಸೊತ್ತಿಲ್ಲ ಅವನಿಗೆ."

ನಾನು ಆ ಪಿಚ್ಚರನ್ನು ಪೂರ್ತಿ ನೋಡಿದ್ದೆ. ಅದರಲ್ಲಿ ಆ ತಾಯಿ ಸಾಯಲಿಕ್ಕೇ ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಾಳೆ. ಹಾಗೆಂದು ಹೇಳಿದೆ.

"ಇಪ್ಪತ್ತು ಅಲ್ಲ, ಹತ್ತು," ಎಂದು ಅವರು ಖಡಾಖಂಡಿತವಾಗಿ ಹೇಳಿ, ಸಾಕ್ಷಿಗೆಂದು ಮೊಬೈಲು ತೆಗೆದು ತೋರಿಸಿದರು. ಪರದೆಯ ಮೇಲೆ ಮನುಷ್ಯರೆಲ್ಲ ಇರುವೆಗಳ ಹಾಗೆ ಓಡಾಡುತ್ತಿದ್ದರು. ಅವರು ಪಿಚ್ಚರನ್ನು ಎರಡು ಪಟ್ಟು ವೇಗದಲ್ಲಿ ಇಟ್ಟುಕೊಂಡಿದ್ದರು.

"ಅಂಗಡಿ ಬಿಟ್ಟು ಮೂರು ತಾಸು ಯಾರು ಕೂರ್ತಾರೆ?" ಎಂದರು.

"ಹಾಗಿದ್ದ ಮೇಲೆ ಹೀರೋ ಗಡಿಬಿಡಿ ಮಾಡ್ತಾನೆ ಅಂತ ದೂರುವುದು ಹೇಗೆ?"

"ನಾವು ವ್ಯಾಪಾರದವರು ಹೀಗೇ ನೋಡುವುದು ಅಂತ ಅವರಿಗೆ ಗೊತ್ತಿಲ್ವಾ? ಲೆಕ್ಕ ಹಿಡಿದು ನಿಧಾನ ಆ್ಯಕ್ಟ್ ಮಾಡಬೇಕು."

ನಾನು ಹಲ್ಲು ಸ್ವಚ್ಛ ಮಾಡುವ ಯಂತ್ರವನ್ನು ಕೈಗೆತ್ತಿಕೊಂಡೆ. "ಇದು ಅರ್ಧ ತಾಸಿನ ಕೆಲಸ. ಎರಡು ಪಟ್ಟು ವೇಗದಲ್ಲಿ ಮಾಡಿದರೆ ಕಾಲು ತಾಸಿಗೆ ಅಂಗಡಿಗೆ ಹೋಗಬಹುದು. ಮಾಡಲಾ?"

ಅವರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು. "ಬೇಡ ಸಾಬ್. ನೀವು ಹಳೇ ಕಾಲದ ಪಿಚ್ಚರಿನ ಹಾಗೆ ಆರಾಮಾಗಿ ಮಾಡಿ. ನಡುವೆ ಹಾಡು ಇದ್ದರೂ ತೊಂದರೆ ಇಲ್ಲ."

೪. ಶೆಟ್ಲಿ ಬುಟ್ಟಿ

ನನ್ನ ಕ್ಲಿನಿಕ್ಕನ್ನು ನಿಜವಾಗಿ ನಡೆಸುವವರು ಕಾಗಾಲದ ಅಕ್ಕ. ಹದಿನಾಲ್ಕು ವರ್ಷದಿಂದ ನನ್ನ ಸಹಾಯಕಿ. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಬುದ್ಧಿಯಲ್ಲಿ ಎಷ್ಟು ದೊಡ್ಡವರೆಂದು ನಾನು ಬಹಿರಂಗವಾಗಿ ಹೇಳುವುದಿಲ್ಲ. ಅವರಿಗೆ ಸ್ಟಾರುಗಳಲ್ಲಿ ನಂಬಿಕೆಯಿಲ್ಲ. ಅವರ ಅಳತೆ ಶೆಟ್ಲಿ, ಅಂದರೆ ಸೀಗಡಿ.

ಭಾನುವಾರ ಬೆಳಿಗ್ಗೆ ಒಂದು ಬುಟ್ಟಿ ಶೆಟ್ಲಿ ತಂದು, ಮೊಬೈಲನ್ನು ಕೊಡಪಾನಕ್ಕೆ ಒರಗಿಸಿ, ಪಿಚ್ಚರು ಹಚ್ಚಿ ಸುಲಿಯಲು ಕೂರುತ್ತಾರೆ. ಪಿಚ್ಚರು ಮುಗಿಯುವಷ್ಟರಲ್ಲಿ ಬುಟ್ಟಿ ಪೂರ್ತಿ ಖಾಲಿಯಾಗಿದ್ದರೆ ಪಿಚ್ಚರು ಕೆಟ್ಟದ್ದು. ಅರ್ಧ ಉಳಿದಿದ್ದರೆ ಒಳ್ಳೆಯದು. ಬುಟ್ಟಿಗೆ ಕೈಯೇ ಹೋಗದಿದ್ದರೆ ಬಹಳ ಒಳ್ಳೆಯದು. ಹುಟ್ಟಾ ಸಸ್ಯಾಹಾರಿಯಾದ ನನಗೆ ಈ ಲೆಕ್ಕ ತಲೆಗೆ ಹತ್ತಲು ಎರಡು ವರ್ಷ ಹಿಡಿಯಿತು.

ಒಮ್ಮೆ ಒಂದು ಪಿಚ್ಚರಿಗೆ ನಾನು ನಾಲ್ಕೂವರೆ ಕೊಟ್ಟಿದ್ದೆ. ನನ್ನ ಜೀವಮಾನದ ದಾಖಲೆ ಅದು. ಮಾತೇ ಇಲ್ಲ, ಒಬ್ಬ ಮುದುಕ ಕಿಟಕಿಯ ಬಳಿ ಕೂತಿರುತ್ತಾನೆ, ಅಷ್ಟೇ. ಸೋಮವಾರ ಅಕ್ಕನನ್ನು ಕೇಳಿದೆ.

"ಬುಟ್ಟಿ ಪೂರಾ ಸುಲ್ದು ಆತು," ಎಂದರು ಅಕ್ಕ. "ಆಮೇಲೆ ಕಾಯಿ ತುರಿದೆ. ಮಸಾಲೆ ಅರೆದೆ. ಪಕ್ಕದ ಮನೆಯವಳ ಶೆಟ್ಲಿಯನ್ನೂ ತಂದು ಸುಲಿದು ಕೊಟ್ಟೆ. ಆ ಮುದುಕ ಅಲ್ಲೇ ಕೂತಿದ್ದ."

"ಅಕ್ಕಾ, ಅವನ ಮೌನವೇ ಆ ಪಿಚ್ಚರಿನ ಜೀವಾಳ."

"ಇರಬಹುದು ಡಾಕ್ಟ್ರೆ. ಅವನಿಗೂ ಒಂದು ಬುಟ್ಟಿ ಶೆಟ್ಲಿ ಕೊಡಬೇಕಿತ್ತು, ಸುಮ್ನೆ ಕೂತಿದ್ನಲ್ಲ."

ಅದರ ಮುಂದಿನ ವಾರ ಬಂದ ಪಿಚ್ಚರಿಗೆ ನಾನು ಒಂದು ಸ್ಟಾರ್ ಕೊಟ್ಟೆ. ಕಣ್ಣೀರು, ಶಪಥ, ಕಳೆದುಹೋದ ತಮ್ಮ, ಮಳೆಯಲ್ಲಿ ಹೊಡೆದಾಟ, ಎಲ್ಲ ಹಳೇ ಸಾಮಾನು. ಅಕ್ಕ ಸೋಮವಾರ ಕೆಂಪು ಕಣ್ಣು ಮಾಡಿಕೊಂಡು ಬಂದರು. ಬುಟ್ಟಿಯ ವಿಷಯ ಕೇಳಿದೆ.

"ಎಂತ ಹೇಳುದು ಡಾಕ್ಟ್ರೆ. ತಮ್ಮ ಸಿಕ್ಕಿದ ಮೇಲೆ ಕಣ್ಣೊರಸಿ ಕೆಳಗೆ ನೋಡ್ತೆ, ಬುಟ್ಟಿ ಖಾಲಿ. ಬೆಕ್ಕು ಪೂರಾ ತಿಂದು ಮುಗಿಸಿ ನನ್ನ ಪಕ್ಕದಲ್ಲೇ ಕೂತು ಪಿಚ್ಚರ್ ನೋಡ್ತಿತ್ತು. ಮನೆಯವರೆಲ್ಲ ಉಪ್ಪಿನಕಾಯಿ ಅನ್ನ ಉಂಡರು."

ಆ ಪಿಚ್ಚರಿಗೆ ಐದಕ್ಕೆ ಐದು ಕೊಡಲು ಸಿದ್ಧವಿದ್ದ ಜೀವ ಈ ಮೂರು ತಾಲ್ಲೂಕಿನಲ್ಲಿ ಆ ಬೆಕ್ಕೊಂದೇ ಇರಬೇಕು.

೫. ಮಾಸ್ತರರ ಮೂರು ನಿಮಿಷ

ಇನ್ನು ನನ್ನ ಸರದಿ.

ಸಂತೆಗುಳಿ ಕಡೆಯ ನಿವೃತ್ತ ಮಾಸ್ತರರೊಬ್ಬರು ಒಂದು ಶುಕ್ರವಾರ ಕ್ಲಿನಿಕ್ಕಿಗೆ ಬಂದರು. ಹಲ್ಲು ತೋರಿಸಲಿಕ್ಕಲ್ಲ, ಆಮಂತ್ರಣ ಕೊಡಲಿಕ್ಕೆ. ಮೂವತ್ತು ವರ್ಷ ಶಾಲೆಯ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ನಾಟಕ ಕಲಿಸಿದವರು ಅವರು. ಮೂವತ್ತು ವರ್ಷವೂ ಪರದೆಯ ಹಿಂದೆ ನಿಂತು ಮಕ್ಕಳಿಗೆ ಮಾತು ಎತ್ತಿಕೊಟ್ಟವರೇ ಹೊರತು ಒಮ್ಮೆಯೂ ಮುಂದೆ ಬಂದವರಲ್ಲ. ರಾಜನಿಂದ ಹಿಡಿದು ಕಾವಲುಗಾರನವರೆಗೆ ಎಲ್ಲ ಪಾತ್ರ ಅವರಿಗೆ ಬಾಯಿಪಾಠ, ಆದರೆ ಒಂದು ಪಾತ್ರವನ್ನೂ ಹಾಕಿದವರಲ್ಲ.

ಅಂಥವರಿಗೆ ಈಗ ಒಂದು ಸಿನಿಮಾದಲ್ಲಿ ಪಾತ್ರ ಸಿಕ್ಕಿತ್ತು. ಕುಮಟೆಯ ಸುತ್ತಮುತ್ತ ಚಿತ್ರೀಕರಣ ಮಾಡಿದ ಸಣ್ಣ ಪಿಚ್ಚರು. ಅಣ್ಣತಮ್ಮಂದಿರ ಬಾವಿ ಜಗಳದಲ್ಲಿ ತೀರ್ಪು ಕೊಡುವ ನ್ಯಾಯಾಧೀಶನ ಪಾತ್ರ ಅವರದು. ಒಟ್ಟು ಮೂರು ನಿಮಿಷ.

"ಭಾನುವಾರ ಬೆಳಿಗ್ಗೆ ಕುಮಟೆಯ ಕಲ್ಯಾಣಮಂಟಪದಲ್ಲಿ ತೋರಿಸ್ತಾರೆ," ಎಂದರು ಮಾಸ್ತರರು. "ಡೈರೆಕ್ಟರು ಹೇಳಿದಾರೆ, ಜನಕ್ಕೆ ನಾನು ನೆನಪು ಉಳಿದ್ರೆ ಮುಂದಿನ ಪಿಚ್ಚರಿನಲ್ಲಿ ದೊಡ್ಡ ಪಾತ್ರವೇ ಅಂತೆ. ನನಗೆ ಅರವತ್ತೆರಡು, ಡಾಕ್ಟ್ರೆ. ಇದು ತಪ್ಪಿದ್ರೆ ಮತ್ತೆ ಯಾರು ಕರೀತಾರೆ? ನೀವು ಬಂದು ನೋಡಬೇಕು. ಎಲ್ಲರೂ ಓದುದು ನಿಮ್ಮದೇ. ನನ್ನ ಬಗ್ಗೆ ಒಂದು ವಾಕ್ಯ ಬರೆದ್ರೆ ಸಾಕು."

ನನ್ನ ಹೆಮ್ಮೆ ಎದೆಯುಬ್ಬಿಸಿ ನಿಂತಿತು. "ಬರ್ತೇನೆ. ಆದರೆ ಮಾಸ್ತರ್ರೇ, ನಾನು ಮುಲಾಜಿಗೆ ಬರೆಯುವವನಲ್ಲ."

"ಛೆ ಛೆ, ಮುಲಾಜು ಬೇಡ. ಕಂಡದ್ದು ಬರೀರಿ."

ಅವರು ಹೋದ ಮೇಲೆ ಅಕ್ಕ ಹೇಳಿದರು: "ಪಾಪ, ಎರಡು ಒಳ್ಳೇ ಮಾತು ಬರೀರಿ ಡಾಕ್ಟ್ರೆ. ನಿಮ್ಮದೆಂತ ಗಂಟು ಹೋಗ್ತದೆ?"

ಒಬ್ಬರಿಗೆ ಮುಲಾಜು ತೋರಿಸಿದರೆ ಉಳಿದವರಿಗೆ ಅನ್ಯಾಯವಾಗುತ್ತದೆ, ಅಂಕ ಎಂದರೆ ಅಂಕ, ಅಲ್ಲಿ ಪರಿಚಯ ನಡೆಯುವುದಿಲ್ಲ ಎಂದು ನಾನು ಕೈಗವಸು ಹಾಕಿದ ಬೆರಳೆತ್ತಿ ವಿವರಿಸಿದೆ.

"ಆತು, ಆತು," ಎಂದರು ಅಕ್ಕ. "ಆ ಜಡ್ಜ್ ಪಾತ್ರ ನಿಮಗೇ ಕೊಟ್ಟಿದ್ರೆ ಡೈರೆಕ್ಟರಿಗೆ ಕೋಟಿನ ಖರ್ಚೂ ಉಳೀತಿತ್ತು."

೬. ತೀರ್ಪು

ಭಾನುವಾರ ಹೋದೆ. ಮದುಮಕ್ಕಳು ಕೂರುವ ಜಾಗದಲ್ಲಿ ಪರದೆ ಕಟ್ಟಿದ್ದರು. ಹಿಂದಿನ ದಿನದ ಮದುವೆಗೆ ಥರ್ಮಾಕೋಲಿನಲ್ಲಿ ಕೊರೆದಿದ್ದ ಗಂಡಿನ ಹೆಸರು ಪರದೆಯ ಬಲಬದಿಗೆ ಇಣುಕುತ್ತಿತ್ತು. ಎಲ್ಲರಿಗೂ ಅವಲಕ್ಕಿ, ಚಹಾ ಕೊಟ್ಟರು. ಪಿಚ್ಚರು ಬಾವಿಯ ಹಾಗೆಯೇ ಆಳವಾಗಿತ್ತು, ನೀರು ಇರಲಿಲ್ಲ.

ಕೊನೆಗೆ ಮಾಸ್ತರರ ದೃಶ್ಯ ಬಂತು. ನಾನು ಸರಿಯಾಗಿ ಕೂತೆ. ಕಪ್ಪು ಕೋಟು ಹಾಕಿ ಕೂತಿದ್ದ ಅವರ ಎಡಗೆನ್ನೆ ಉಬ್ಬಿತ್ತು. ಬಾಯಿ ಬಲಕ್ಕೆ ಎಳೆದಿತ್ತು. ತೀರ್ಪಿನ ಮಾತುಗಳು ಒಂದೊಂದೇ, ಅರ್ಧರ್ಧ, ಗೊಣಗಿದ ಹಾಗೆ ಹೊರಗೆ ಬಂದವು. 'ಬಾವಿ ಇಬ್ಬರಿಗೂ ಸೇರಿದ್ದು' ಎನ್ನುವಾಗ ಕಣ್ಣಿನಿಂದ ನೀರು ಇಳಿಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಮಾಸ್ತರರು ಹಿಂದೆ ತಿರುಗಿ ನನ್ನನ್ನೇ ಹುಡುಕುತ್ತಿದ್ದರು.

ನಾನು ಮುಲಾಜಿಲ್ಲದೆ ಸೋಮವಾರ ಬೆಳಿಗ್ಗೆ ಬರೆದೆ:

'ಐದಕ್ಕೆ ಒಂದೂವರೆ. ಆ ಅರ್ಧ ಅವಲಕ್ಕಿಗೆ. ನ್ಯಾಯಾಧೀಶರ ಪಾತ್ರಧಾರಿ ತೀರ್ಪು ಓದುವಾಗ ಬಾಯನ್ನು ಯಾಕೆ ಅಷ್ಟು ಓರೆ ಮಾಡಿದರೋ ದೇವರೇ ಬಲ್ಲ. ಬಿಸಿ ಬಜ್ಜಿಯೊಂದನ್ನು ದವಡೆಯಲ್ಲಿ ಇಟ್ಟುಕೊಂಡು ನ್ಯಾಯದಾನ ಮಾಡಿದ ಹಾಗಿತ್ತು. ಆ ಕಣ್ಣೀರಿಗೆ ಕತೆಯಲ್ಲಿ ಎಲ್ಲೂ ಕಾರಣ ಸಿಗುವುದಿಲ್ಲ.'

ಬರೆದ ಸಾಲುಗಳನ್ನು ನಾನೇ ನಾಲ್ಕು ಸಲ ಓದಿ ನಕ್ಕೆ. ಮಧ್ಯಾಹ್ನದೊಳಗೆ ಅದು ಮೂರು ತಾಲ್ಲೂಕು ಸುತ್ತಿತು. ಯಾರೋ ಆ ದೃಶ್ಯವನ್ನೇ ತುಂಡು ಮಾಡಿ, ನನ್ನ ಸಾಲುಗಳನ್ನು ಮೇಲೆ ಅಂಟಿಸಿ ಕಳಿಸಿದರು. ಕುಮಟೆಯಲ್ಲಿ ತರಕಾರಿ ಮಾರುವವಳು ಕೂಡ ಬಾಯಿ ಓರೆ ಮಾಡಿ 'ಬಸಳೆ ಇಬ್ಬರಿಗೂ ಸೇರಿದ್ದು' ಎಂದಳು. ಆ ದಿನದಷ್ಟು ಪ್ರಸಿದ್ಧಿ ನನಗೆ ಎಂದೂ ಬಂದಿರಲಿಲ್ಲ.

ಮಂಗಳವಾರ ಊಟದ ಹೊತ್ತಿಗೆ ಆ ತುಣುಕು ಅಕ್ಕನ ಮೊಬೈಲಿಗೂ ಬಂತು. ನಾನು ನಗು ಬರುತ್ತದೆಂದು ಕಾದೆ. ಅವರು ನಗಲಿಲ್ಲ. ಮೊಬೈಲನ್ನು ಹತ್ತಿರ ಹಿಡಿದು, ದೂರ ಹಿಡಿದು, ಎರಡು ಸಲ ನೋಡಿದರು.

"ಡಾಕ್ಟ್ರೆ, ಇದು ಆ್ಯಕ್ಟಿಂಗ್ ಅಲ್ಲ. ಎಡಗಡೆ, ಕೆಳಗೆ, ಹಿಂದಿನ ದವಡೆಹಲ್ಲು. ಕೀವು ತುಂಬಿದೆ."

ನಾನು ಮೊಬೈಲು ಕಸಿದುಕೊಂಡು ನೋಡಿದೆ. ಕೆಳದವಡೆಯ ಅಂಚಿನಲ್ಲಿ ಬಾವು, ಬಿಗಿದ ಚರ್ಮ, ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿಲ್ಲ. ಪುಸ್ತಕದಲ್ಲಿ ಚಿತ್ರ ಹಾಕಬಹುದಾದಷ್ಟು ಸ್ಪಷ್ಟ. ಹದಿನೆಂಟು ವರ್ಷದಿಂದ ದಿನಾ ಇಂಥ ಕೆನ್ನೆಗಳನ್ನು ನೋಡುತ್ತಾ ಬಂದ ನಾನು, ಆಳೆತ್ತರದ ಪರದೆಯ ಮೇಲೆ ಕಂಡ ಕೆನ್ನೆಯನ್ನು ಗುರುತಿಸದೆ ಅದಕ್ಕೆ ಅಂಕ ಕೊಟ್ಟಿದ್ದೆ. ನನಗೆ ನಿಜವಾಗಿ ನಾಚಿಕೆಯಾಯಿತು.

ಅಕ್ಕ ಊಟದ ಡಬ್ಬಿ ಮುಚ್ಚಿದರು. "ಹೊರಗಿನ ಬೋರ್ಡು ಒಂದು ಸಲ ಓದಿ ಬನ್ನಿ ಡಾಕ್ಟ್ರೆ. ನೀವು ಎಂತದರ ಡಾಕ್ಟ್ರು ಅಂತ ಬರೆದಿದೆ ಅಲ್ಲಿ."

೭. ಬಾವು

ಬುಧವಾರ ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಮಾಸ್ತರರು ನಿಂತಿದ್ದರು. ಬೈಯಲಿಕ್ಕೆ ಬಂದಿದ್ದಾರೆಂದು ನಾನು ತಲ್ಲಣಿಸಿದೆ. ಅವರು ನೇರ ಒಳಗೆ ಬಂದು ಕುರ್ಚಿಯಲ್ಲಿ ಕೂತು ಬಾಯಿ ತೆರೆದರು. ಅಕ್ಕ ಹೇಳಿದ ಹಲ್ಲೇ. ಬುಡದವರೆಗೆ ಹುಳುಕು. ಮುಖದ ಬಾವು ಮಾತ್ರ ಈಗ ಇರಲಿಲ್ಲ, ಯಾವಾಗಲೋ ಮಾತ್ರೆ ನುಂಗಿ ನೋವನ್ನೂ ಬಾವನ್ನೂ ಇಳಿಸಿಕೊಂಡಿದ್ದರು.

"ಇದು ಎಷ್ಟು ದಿನದಿಂದ ಮಾಸ್ತರ್ರೇ?"

"ಶೂಟಿಂಗಿನ ಹಿಂದಿನ ದಿವಸದಿಂದ."

ನನ್ನ ನಾಚಿಕೆಯನ್ನು ಮುಚ್ಚಿಕೊಳ್ಳಲು ಸಿಟ್ಟು ಮಾಡಿದೆ. "ಶೂಟಿಂಗ್ ಆಗಿ ಐದು ತಿಂಗಳಾಯಿತಲ್ಲ! ಅವತ್ತೇ ಬಂದಿದ್ದರೆ ಒಂದು ಚುಚ್ಚುಮದ್ದಿನಲ್ಲಿ ಮುಗಿಯುತ್ತಿತ್ತು. ಓದಿದವರೇ ಹೀಗೆ ಮಾಡಿದರೆ ಹೇಗೆ?"

"ಅವತ್ತೇ ಬಂದಿದ್ದೆ," ಎಂದರು ಮಾಸ್ತರರು, ದೂರಿನ ಸುಳಿವೂ ಇಲ್ಲದ ಮೆಲುದನಿಯಲ್ಲಿ. "ಬಾಗಿಲು ಹಾಕಿತ್ತು. ಡಾಕ್ಟರು ತುರ್ತು ಕೆಲಸದ ಮೇಲೆ ಪರವೂರಿಗೆ ಹೋಗಿದ್ದಾರೆ ಅಂತ ಚೀಟಿ ಅಂಟಿಸಿತ್ತು. ಈಗ ಬಂದಾರು, ಆಗ ಬಂದಾರು ಅಂತ ಮೆಟ್ಟಿಲ ಮೇಲೆ ಕೂತೆ. ನೋವು ಮರೀಲಿಕ್ಕೆ ಮೊಬೈಲ್ ತೆಗೆದ್ರೆ ನಿಮ್ಮ ಸ್ಟೇಟಸ್ಸು. ಮಣಿಪಾಲದಲ್ಲಿ ಬೆಳಗಿನ ಮೊದಲ ಆಟ ನೋಡಿ ನಾಲ್ಕು ಸ್ಟಾರ್ ಕೊಟ್ಟಿದ್ರಿ. ಕೆಳಗೆ, ಎಲ್ಲ ಕೆಲಸ ಬಿಟ್ಟು ನೋಡಿ, ಅಂತ ಬರೆದಿದ್ರಿ."

ಅಕ್ಕನಿಗೆ ಆ ಕ್ಷಣದಲ್ಲಿ ಕಪಾಟಿನ ಹತ್ತಿಯನ್ನೆಲ್ಲ ಎಣಿಸುವ ತುರ್ತು ಕೆಲಸ ಬಂತು. ನಾನು ಕೈಗವಸು ಕಳಚಿ ಸ್ಟೂಲಿನ ಮೇಲೆ ಕೂತೆ.

"ತಪ್ಪಾಯಿತು ಮಾಸ್ತರ್ರೇ. ನಾನು ಬರೆದದ್ದನ್ನು ಈಗಲೇ ಅಳಿಸ್ತೇನೆ. ಅಷ್ಟು ನೋವಿನಲ್ಲಿ ನೀವು ಆ ಮೂರು ನಿಮಿಷ ಕೂತದ್ದೇ ದೊಡ್ಡದು ಅಂತ ಹೊಸದಾಗಿ ಬರೀತೇನೆ. ಐದಕ್ಕೆ ಐದು ಕೊಡ್ತೇನೆ."

ಮಾಸ್ತರರು ಧಡಕ್ಕನೆ ಎದ್ದು ಕೂತರು. "ಅಯ್ಯೋ ಮಾರಾಯ್ರೆ, ಅಳಿಸಬೇಡಿ! ನಿನ್ನೆ ಡೈರೆಕ್ಟರು ಫೋನ್ ಮಾಡಿದ್ರು. ಇಡೀ ಪಿಚ್ಚರಿನಲ್ಲಿ ಜನ ನೆನಪಿಟ್ಟದ್ದು ನನ್ನ ಓರೆ ಬಾಯಿ ಒಂದೇ ಅಂದ್ರು. ಮುಂದಿನ ಪಿಚ್ಚರಿಗೆ ನಾನೇ ಖಳನಾಯಕ. ಮೊದಲಿಂದ ಕೊನೇ ತನಕ ಇದ್ದೇನೆ. ಈ ಭಾವ ಎಲ್ಲಿಂದ ತಂದ್ರಿ ಮಾಸ್ತರ್ರೇ ಅಂತ ಕೇಳಿದ್ರು."

"ನೀವು ಏನೆಂದಿರಿ?"

"ಒಳಗಿನಿಂದ ಬಂತು ಅಂದೆ. ಸುಳ್ಳಲ್ಲವಲ್ಲ."

ಆಮೇಲೆ ಅವರು ಬಂದ ಕಾರಣ ಹೇಳಿದರು. ಶೂಟಿಂಗ್ ಬರುವ ತಿಂಗಳು. ಡೈರೆಕ್ಟರಿಗೆ ಅದೇ ಮುಖ ಬೇಕು. ಮಾಸ್ತರರು ಕನ್ನಡಿಯ ಮುಂದೆ ಎಷ್ಟು ಪ್ರಯತ್ನಪಟ್ಟರೂ ಆ ಓರೆ ಬರುತ್ತಿಲ್ಲ, ಬಂದರೂ ಹೆಂಡತಿ ನಗುತ್ತಾರೆ. "ಡಾಕ್ಟ್ರೆ, ಒಂದು ಹದಿನೈದು ದಿವಸದ ಮಟ್ಟಿಗೆ ಆ ಬಾವು ಮತ್ತೆ ಬರಿಸಲಿಕ್ಕೆ ಆಗ್ತದಾ?"

ಬಾವು ಇಳಿಸಿ ಎಂದು ಕೈಮುಗಿದವರನ್ನು ಸಾವಿರ ನೋಡಿದ್ದೇನೆ. ಏರಿಸಿ ಎಂದವರು ಇವರೊಬ್ಬರೇ. ಆ ಹಲ್ಲನ್ನು ಇನ್ನು ಒಂದು ವಾರ ಬಿಟ್ಟರೂ ಕೀವು ಗಂಟಲಿಗೆ ಇಳಿಯಬಹುದು, ಜೀವಕ್ಕೇ ಅಪಾಯ, ಇವತ್ತೇ ಕೀಳಬೇಕು ಎಂದೆ. ಮಾಸ್ತರರ ಮುಖ ಬಿಳಿಚಿತು.

"ಹಾಗಾದ್ರೆ ಪಾತ್ರ?" ಎಂದು ಕೇಳಿದರು. ಮೂವತ್ತು ವರ್ಷ ಪರದೆಯ ಹಿಂದೆ ನಿಂತ ಮನುಷ್ಯ ಮತ್ತೆ ಅಲ್ಲಿಗೇ ಹೋಗಿ ನಿಲ್ಲಬೇಕಾದ ಭಯ ಆ ಎರಡು ಶಬ್ದದಲ್ಲಿತ್ತು.

"ಪಾತ್ರದ ಜವಾಬ್ದಾರಿ ನನ್ನದು," ಎಂದೆ. ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಹಲ್ಲು ಕಿತ್ತೆ. ಗಾಯ ಮಾಗಿದ ಮೇಲೆ ಅವರ ಬಾಯಿಯ ಅಚ್ಚು ತೆಗೆದು, ಹಲ್ಲಿನ ಸೆಟ್ಟಿಗೆ ಬಳಸುವ ಗುಲಾಬಿ ಬಣ್ಣದ ಸಾಮಾನಿನಿಂದ ಎಡಗೆನ್ನೆಯೊಳಗೆ ಕೂರುವಂಥ ಒಂದು ಉಂಡೆ ಮಾಡಿದೆ. ಬೇಕಾದಾಗ ಹಾಕಿಕೊಳ್ಳಬಹುದು, ಊಟಕ್ಕೆ ತೆಗೆದಿಡಬಹುದು. ಮೊದಲನೆಯದು ಸಣ್ಣದಾಯಿತು, ಅಡಿಕೆ ಹೋಳು ಇಟ್ಟುಕೊಂಡವರ ಹಾಗೆ ಕಂಡರು. ಎರಡನೆಯದು ದೊಡ್ಡದಾಗಿ ಬಾಯಿ ಮುಚ್ಚಲೇ ಇಲ್ಲ. ಆ ಹಳೆಯ ತುಣುಕನ್ನು ಅಕ್ಕ ಪಕ್ಕದಲ್ಲಿ ಹಿಡಿದು ನಿಂತು, "ಇನ್ನೂ ಸ್ವಲ್ಪ ಕೆಳಗೆ ಉಬ್ಬಲಿ, ತುಟಿ ಬಲಕ್ಕೆ ಎಳೀಲಿ" ಎಂದು ತಾಳೆ ನೋಡಿ ಹೇಳುತ್ತಿದ್ದರು. ನಾನು ಅರ ಹಿಡಿದು ತೀಡುತ್ತಿದ್ದೆ. ಒಂದೂವರೆ ಸ್ಟಾರ್ ಕೊಟ್ಟ ಮುಖವನ್ನು ನನ್ನ ಕೈಯಾರೆ ತಯಾರಿಸಲು ನಾಲ್ಕು ಮಧ್ಯಾಹ್ನ ಹಿಡಿಯಿತು.

ಐದನೆಯ ದಿನ ಮಾಸ್ತರರು ಅದನ್ನು ಕೂರಿಸಿಕೊಂಡು ಕನ್ನಡಿಯ ಮುಂದೆ ನಿಂತರು. ಕೆನ್ನೆ ಉಬ್ಬಿತು. ಬಾಯಿ ಓರೆಯಾಯಿತು. ಗಂಟಲು ಸರಿಮಾಡಿಕೊಂಡು, ಬಾವಿಯ ತೀರ್ಪನ್ನು ಮೊದಲಿಂದ ಕೊನೆಯವರೆಗೆ ಹೇಳಿದರು. ಹೊರಗೆ ಕಾಯುತ್ತಿದ್ದ ಮೂವರು ರೋಗಿಗಳು ಹೆದರಿ ಎದ್ದು ನಿಂತರು. ಅಕ್ಕ ಚಪ್ಪಾಳೆ ಹೊಡೆದರು. ನನ್ನ ಕಣ್ಣಲ್ಲಿ ನೀರೇ ಬಂತು.

"ಅದ್ಭುತ ಮಾಸ್ತರ್ರೇ," ಎಂದೆ. "ಥೇಟ್ ಅದೇ ಮುಖ."

ಮಾಸ್ತರರು ಕನ್ನಡಿಯಲ್ಲಿ ಎಡಕ್ಕೆ ತಿರುಗಿ ನೋಡಿದರು, ಬಲಕ್ಕೆ ತಿರುಗಿ ನೋಡಿದರು. ಜೇಬಿನಿಂದ ಮೊಬೈಲು ತೆಗೆದು ನಾನು ಬರೆದಿದ್ದ ಸಾಲುಗಳನ್ನು ಇನ್ನೊಮ್ಮೆ ಓದಿಕೊಂಡರು. ಆಮೇಲೆ ಉಂಡೆಯನ್ನು ಬಾಯಿಂದ ತೆಗೆದು, ತೊಳೆದು, ನನ್ನ ಕೈಯಲ್ಲಿಟ್ಟರು.

"ಇನ್ನೂ ಸ್ವಲ್ಪ ತಿದ್ದಿ ಡಾಕ್ಟ್ರೆ. ನೀವು ಬರೆದಷ್ಟು ಕೆಟ್ಟದಾಗಿ ಬರ್ತಾ ಇಲ್ಲ."